67ನೆಯ ವರ್ಷದಲ್ಲಿ ಸೈಕಲ್ ಕಲಿತ ಟಾಲ್‌ಸ್ಟಾಯ್

ಕಳೆದ ತಿಂಗಳ ಒಂದು ಸೋಮವಾರ ಮೊದಲನೆಯ ಪಿರಿಯಡ್‌ಗೆಂದು ದ್ವಿತೀಯ ಪಿಯುಸಿ ಕಲಾ ವಿಭಾಗದ ಕೋಣೆಗೆ ಹೋದೆ. ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬಿಡಿಸಿದ ಒಂದು ಚಿತ್ರವಿತ್ತು. ದಂಡಿ ಇಲ್ಲದ, ಮುಂದೆ ಬುಟ್ಟಿ ಇರುವ ಹೆಣ್ಣುಮಕ್ಕಳ ಸೈಕಲ್. ಅದರ ಮೇಲೆ ಕನ್ನಡಕ ಹಾಕಿಕೊಂಡ, ಹೊಟ್ಟೆ ಬಂದ ಒಬ್ಬ ಮನುಷ್ಯ. ಮೊಣಕಾಲು ಹ್ಯಾಂಡಲ್‌ಗೆ ತಾಗುತ್ತಿದ್ದವು. ಕೋಣೆಯಲ್ಲಿ ಎಂದೂ ಇರದ ಶಿಸ್ತು. ಎಲ್ಲರೂ ಪುಸ್ತಕದಲ್ಲಿ ತಲೆ ಇಟ್ಟಿದ್ದರು. ನಾನು ಚಿತ್ರ ಒರೆಸಿ 1857ರ ಪಾಠ ಶುರು ಮಾಡಿದೆ.

ಬಿಡಿಸಿದವರ ಹೆಸರು ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಚಿತ್ರದಲ್ಲಿ ಇದ್ದವನು ನಾನೇ. ಹಿಂದಿನ ದಿನ ಭಾನುವಾರ ಬೆಳಿಗ್ಗೆ ಮಟಕಿಯ ಹೊರಗಿನ ರಸ್ತೆಯಲ್ಲಿ ಬೈಕಿನ ಮೇಲೆ ಹೊರಟಿದ್ದ ನಮ್ಮ ಮೂವರು ವಿದ್ಯಾರ್ಥಿಗಳು ನನ್ನನ್ನು ನೋಡಿದ್ದರು. ಸಲಾಂ ಹೇಳಿ ಮುಂದೆ ಹೋದರು. ಒಂದು ಹೊಲದಷ್ಟು ದೂರ ಹೋದ ಮೇಲೆ ಅವರ ನಗು ನನಗೆ ಕೇಳಿಸಿತು.

ವಾರ್ತಾಪತ್ರಕ್ಕೆ ಈ ಸಲ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡಿ ಎಂದು ಪ್ರಾಚಾರ್ಯರು ಕೇಳಿದಾಗ ನನಗೆ ಆ ಚಿತ್ರ ನೆನಪಾಯಿತು. ಹಾಗಾಗಿ ಸೈಕಲ್ ಹತ್ತಿ ನಗೆಗೀಡಾದ ಇನ್ನೊಬ್ಬ ದೊಡ್ಡ ಮನುಷ್ಯನ ಕಥೆ ಹೇಳುತ್ತೇನೆ. ಅವರು ಲಿಯೋ ಟಾಲ್‌ಸ್ಟಾಯ್. ಆದರೆ ಮೊದಲು ನನ್ನ ಕಡೆಯ ಎರಡು ಮಾತು ಹೇಳಿಬಿಡಬೇಕು. ಇಲ್ಲದಿದ್ದರೆ ಟಾಲ್‌ಸ್ಟಾಯ್ ಅವರ ಸೈಕಲ್ ನನಗೆ ಯಾಕೆ ಅಷ್ಟು ಹತ್ತಿರವಾಯಿತು ಎಂಬುದು ನಿಮಗೆ ತಿಳಿಯುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಭಾಯಿ, ಅಂದರೆ ನನ್ನ ಅಣ್ಣ, ತೀರಿಕೊಂಡ. ತೊಗರಿ ರಾಶಿ ನಡೆದಿತ್ತು. ಎದೆ ಹಿಡಿದಂತಾಗುತ್ತಿದೆ ಎಂದು ಕಣದಲ್ಲೇ ಕುಳಿತ, ದವಾಖಾನೆಗೆ ಮುಟ್ಟುವುದರೊಳಗೆ ಹೋದ. ಅವನಿಗೆ 52. ನನಗಿಂತ ನಾಲ್ಕು ವರ್ಷ ದೊಡ್ಡವನು. ಅಬ್ಬಾ ಹೋದ ಮೇಲೆ ನನ್ನನ್ನು ಓದಿಸಿದವನು ಅವನೇ. ಆಮೇಲೆ ಒಂದು ವರ್ಷ ನಾನು ಕಾಲೇಜಿಗೆ ಬರುತ್ತಿದ್ದೆ, ಪಾಠ ಮಾಡುತ್ತಿದ್ದೆ, ಮನೆಗೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ರಾತ್ರಿ ನಿದ್ದೆ ಇರಲಿಲ್ಲ. ಮೈ ಬೆಳೆಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಎಂದು ಬಂತು. ಗುಳಿಗೆ ಬರೆದುಕೊಟ್ಟ ಡಾಕ್ಟರು ದಿನಾ ಮೈಗೆ ಕೆಲಸ ಕೊಡಿ ಎಂದರು. ನಡೆದರೆ ಮೊಣಕಾಲು ನೋವು. ಹಾಗಾದರೆ ಸೈಕಲ್ ತುಳಿಯಿರಿ, ಅದರಲ್ಲಿ ಮೈಭಾರ ಮೊಣಕಾಲಿನ ಮೇಲೆ ಬೀಳುವುದಿಲ್ಲ ಎಂದರು.

ಮನೆಯಲ್ಲಿ ಒಂದು ಸೈಕಲ್ ಇತ್ತು. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದುದು ನಿಮಗೆ ಗೊತ್ತು. ಹಾಗೆ ನನ್ನ ಮಗಳಿಗೆ ಬಂದದ್ದು ಅದು. ಅವಳು ಓದಲು ಕಲಬುರಗಿಗೆ ಹೋದ ಮೇಲೆ ಹಿತ್ತಿಲಲ್ಲಿ ತೊಗರಿ ಕಟ್ಟಿಗೆಯ ಹಿಂದೆ ಬಿದ್ದಿತ್ತು. ತೆಗೆದು ಒರೆಸಿ ಸೈಕಲ್ ಅಂಗಡಿಗೆ ಒಯ್ದೆ. ಎರಡೂ ಟ್ಯೂಬು, ಬ್ರೇಕಿನ ರಬ್ಬರು ಬದಲಾದವು, ಚೈನಿಗೆ ಎಣ್ಣೆ ಬಿತ್ತು. ಮರುದಿನ ಫಜರ್ ನಮಾಜ್ ಮುಗಿಸಿ ಹೊರಟೆ.

ನಮ್ಮ ಕಡೆ ದೊಡ್ಡ ಮನುಷ್ಯ ಸೈಕಲ್ ಹತ್ತಿದರೆ ಮಂದಿ ಎರಡೇ ಅರ್ಥ ಮಾಡುತ್ತಾರೆ. ಒಂದೋ ಕೈಯಲ್ಲಿ ದುಡ್ಡಿಲ್ಲ, ಇಲ್ಲವೋ ತಲೆ ಸರಿ ಇಲ್ಲ. ಪಕ್ಕದ ಮನೆಯ ಕಾಕಾ ಬೈಕನ್ನು ಫೈನಾನ್ಸಿನವರು ಎಳೆದುಕೊಂಡು ಹೋದರೇನು ಎಂದು ಕಾಳಜಿಯಿಂದಲೇ ಕೇಳಿದರು. ಮಂದಿ ಏಳುವುದರೊಳಗೆ ತಿರುಗಿ ಬಾ ಎಂದು ಅಮ್ಮಿ ಹೇಳಿದರು. ಮೊದಲ ವಾರ ನಾನು ಹಾಗೇ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬಂದೆ. ಕಳ್ಳನ ಹಾಗೆ.

ಅದೇ ದಿನಗಳಲ್ಲಿ ಟಾಲ್‌ಸ್ಟಾಯ್ ಅವರ ಜೀವನ ಓದುತ್ತಿದ್ದೆ. ಓದುತ್ತ ಓದುತ್ತ 1895ನೆಯ ಇಸವಿಗೆ ಬಂದೆ. ಅಲ್ಲಿಂದ ಮುಂದೆ ನಾನು ಹಗಲಿನಲ್ಲೇ ಹೊರಟೆ.

ಟಾಲ್‌ಸ್ಟಾಯ್ ಅವರನ್ನು ನೀವು ಸ್ವಲ್ಪ ಬಲ್ಲಿರಿ. ಒಬ್ಬ ಮನುಷ್ಯನಿಗೆ ಎಷ್ಟು ನೆಲ ಬೇಕು ಎಂಬ ಕಥೆಯನ್ನು ನಿಮ್ಮಲ್ಲಿ ಹಲವರು ಓದಿದ್ದೀರಿ ಅಥವಾ ಕೇಳಿದ್ದೀರಿ. ಸೂರ್ಯ ಮುಳುಗುವುದರೊಳಗೆ ಎಷ್ಟು ನೆಲ ಸುತ್ತಿ ಬರುತ್ತಾನೋ ಅಷ್ಟೂ ಅವನದು ಎಂಬ ಮಾತಿಗೆ ಬಿದ್ದು, ಓಡಿ ಓಡಿ ಕೊನೆಗೆ ಸತ್ತುಬೀಳುವ ರೈತನ ಕಥೆ. ಅದನ್ನು ಬರೆದವರು ಸ್ವತಃ ದೊಡ್ಡ ಜಮೀನ್ದಾರರು. ಈಗಿನ ಲೆಕ್ಕದಲ್ಲಿ 1828ರ ಸೆಪ್ಟೆಂಬರ್ 9ರಂದು ರಷ್ಯಾದ ತೂಲಾ ನಗರದ ಹತ್ತಿರ ಯಾಸ್ನಾಯಾ ಪೊಲ್ಯಾನಾ ಎಂಬ ತಮ್ಮ ಮನೆತನದ ಹಳ್ಳಿಯಲ್ಲಿ ಹುಟ್ಟಿದರು. ಎರಡು ವರ್ಷ ತುಂಬುವ ಮೊದಲೇ ತಾಯಿ ಹೋದರು, ಒಂಬತ್ತನೆಯ ವರ್ಷ ಕಳೆಯುವುದರೊಳಗೆ ತಂದೆಯೂ ಹೋದರು. ಮೂವರು ಅಣ್ಣಂದಿರು, ಒಬ್ಬ ತಂಗಿ. ಬಂಧುಗಳ ಮನೆಯಲ್ಲಿ ಬೆಳೆದರು.

ಪರೀಕ್ಷೆಯ ಭಯ ಇರುವ ವಿದ್ಯಾರ್ಥಿಗಳು ಈ ಸಂಗತಿಯನ್ನು ಗಮನಿಸಬೇಕು. 1844ರಲ್ಲಿ ಅವರು ಕಜಾನ್ ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಮತ್ತು ತುರ್ಕಿ ಭಾಷೆಗಳ ವಿಭಾಗಕ್ಕೆ ಸೇರಿದರು. ಮೊದಲ ವರ್ಷದಲ್ಲೇ ನಪಾಸಾದರು. ಕಾನೂನು ವಿಭಾಗಕ್ಕೆ ಬದಲಾಯಿಸಿಕೊಂಡರು. 1847ರಲ್ಲಿ ಪದವಿ ಇಲ್ಲದೆಯೇ ವಿಶ್ವವಿದ್ಯಾಲಯ ಬಿಟ್ಟು ಊರಿಗೆ ಬಂದರು. ಮುಂದೆ ಕೆಲವು ವರ್ಷ ಇಸ್ಪೀಟು, ಸಾಲ, ಪಶ್ಚಾತ್ತಾಪ, ಮತ್ತೆ ಇಸ್ಪೀಟು ಎಂದೇ ಕಳೆದವು. 1851ರಲ್ಲಿ ದೊಡ್ಡಣ್ಣ ನಿಕೊಲಾಯ್ ಸೈನ್ಯದಲ್ಲಿದ್ದ ಕಾಕಸಸ್ ಬೆಟ್ಟಗಳಿಗೆ ಅವರ ಜೊತೆ ಹೋದರು, ತಾವೂ ಸೈನ್ಯ ಸೇರಿದರು. ಬರೆಯಲು ಶುರು ಮಾಡಿದ್ದು ಅಲ್ಲಿ. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೋಲ್ ಮುತ್ತಿಗೆಯನ್ನು ಕಣ್ಣಾರೆ ಕಂಡು ಬರೆದರು. ಅದರಿಂದ ದೇಶಕ್ಕೆಲ್ಲ ಹೆಸರಾದರು.

ಅಣ್ಣಂದಿರ ಸಾವು ಅವರನ್ನೂ ಅಲುಗಾಡಿಸಿತು. 1856ರಲ್ಲಿ ಡಿಮಿಟ್ರಿ, 1860ರಲ್ಲಿ ನಿಕೊಲಾಯ್, ಇಬ್ಬರೂ ಕ್ಷಯದಿಂದ ಹೋದರು. ತಮಗೂ ಅದೇ ರೋಗ ಬಂದಿದೆಯೆಂಬ ಭಯ ಟಾಲ್‌ಸ್ಟಾಯ್ ಅವರಿಗೆ ಹತ್ತಿತು. 1862ರಲ್ಲಿ ಅವರು ಸಮಾರಾ ಪ್ರಾಂತದ ಹುಲ್ಲುಗಾವಲಿಗೆ ಹೋಗಿ ಬಾಷ್ಕಿರ್ ಜನರ ನಡುವೆ ಡೇರೆಯಲ್ಲಿ ಉಳಿದು, ಕುಮಿಸ್ ಎಂಬ ಹುಳಿಬರಿಸಿದ ಕುದುರೆ ಹಾಲು ಕುಡಿದು ಆರೋಗ್ಯ ಸುಧಾರಿಸಿಕೊಂಡರು. ಮುಂದೆಯೂ ಹಲವು ಸಲ ಅಲ್ಲಿಗೆ ಹೋದರು. ನೆಲದ ಆಸೆಯ ರೈತನ ಕಥೆ ನಡೆಯುವುದು ಇದೇ ಬಾಷ್ಕಿರ್ ನಾಡಿನಲ್ಲಿ.

ಅದೇ 1862ರಲ್ಲಿ ಸೋಫಿಯಾ ಅವರೊಂದಿಗೆ ಮದುವೆಯಾಯಿತು. ಯುದ್ಧ ಮತ್ತು ಶಾಂತಿ, ಅನ್ನಾ ಕರೆನಿನಾ ಎಂಬ ಎರಡು ಮಹಾ ಕಾದಂಬರಿಗಳು ಮುಂದಿನ ಹದಿನೈದು ವರ್ಷಗಳಲ್ಲಿ ಬಂದವು. ಹಸ್ತಪ್ರತಿಗಳನ್ನು ಮತ್ತೆ ಮತ್ತೆ ನಕಲು ಮಾಡಿಕೊಟ್ಟವರು ಸೋಫಿಯಾ. ಅವರಿಗೆ ಹುಟ್ಟಿದ್ದು 13 ಮಕ್ಕಳು. ಅವರಲ್ಲಿ ಐವರು ಎಳೆವಯಸ್ಸಿನಲ್ಲೇ ಹೋದರು. ಹೆಸರು, ಹಣ, ಮನೆ, ಮಕ್ಕಳು ಎಲ್ಲ ಇದ್ದೂ ಐವತ್ತರ ಹೊತ್ತಿಗೆ ಅವರಿಗೆ ಬದುಕು ಬೇಸರವಾಯಿತು. ಬದುಕುವುದಾದರೂ ಯಾತಕ್ಕೆ ಎಂದು ಹಗಲೂ ರಾತ್ರಿ ಕೇಳಿಕೊಂಡರು. ಆ ಪ್ರಶ್ನೆಯಿಂದ ಹೊರಬಂದ ಮನುಷ್ಯ ಬೇರೆಯೇ ಆಗಿದ್ದರು. ರೈತನ ಅಂಗಿ ಹಾಕಿದರು, ನೇಗಿಲು ಹಿಡಿದರು, ಚಪ್ಪಲಿ ಹೊಲಿಯುವವರ ಹತ್ತಿರ ಕೂತು ಬೂಟು ಹೊಲಿಯುವುದನ್ನು ಕಲಿತರು. ಬೇಟೆ, ಮಾಂಸ, ಹೆಂಡ, ತಂಬಾಕು ಒಂದೊಂದಾಗಿ ಬಿಟ್ಟರು. 1891 ಮತ್ತು 1892ರ ಬರಗಾಲದಲ್ಲಿ ರಯಜಾನ್ ಪ್ರಾಂತದ ಹಳ್ಳಿಗಳಲ್ಲಿ ನೂರಾರು ಉಚಿತ ಊಟದ ಮನೆಗಳನ್ನು ನಡೆಸಿದರು.

ಮೈಯ ವಿಷಯದಲ್ಲಿ ಅವರು ಸೋಮಾರಿ ಆಗಿರಲೇ ಇಲ್ಲ. ಕುದುರೆ ಸವಾರಿ, ಈಜು, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಆಟ, ಡಂಬೆಲ್ಸ್ ಎಲ್ಲವೂ ಇದ್ದವು. 1886ರಲ್ಲಿ, 57ನೆಯ ವಯಸ್ಸಿನಲ್ಲಿ, ಮಾಸ್ಕೋದಿಂದ ತಮ್ಮ ಹಳ್ಳಿಗೆ ಸುಮಾರು 200 ಕಿಲೋಮೀಟರ್ ಹೆಗಲಿಗೆ ಚೀಲ ಹಾಕಿಕೊಂಡು ನಡೆದೇ ಹೋದರು. ನಾವು ಕಲಬುರಗಿಯಿಂದ ಹೈದರಾಬಾದಿಗೆ ನಡೆದರೆ ಹೆಚ್ಚು ಕಡಿಮೆ ಅಷ್ಟಾಗುತ್ತದೆ. ಆಮೇಲೂ ಎರಡು ಸಲ ಹಾಗೆಯೇ ನಡೆದರು. ಆದರೆ ಸೈಕಲ್ ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಲು ಸಾಧ್ಯವೂ ಇರಲಿಲ್ಲ. ಅವರು ಯುವಕರಾಗಿದ್ದಾಗ ನಾವು ಕಾಣುವಂಥ ಸೈಕಲ್ ಹುಟ್ಟಿರಲೇ ಇಲ್ಲ.

ಮೊದಲು ಇದ್ದ ಸೈಕಲ್ಲುಗಳಲ್ಲಿ ಮುಂದಿನ ಗಾಲಿ ಆಳೆತ್ತರ, ಹಿಂದಿನದು ತಟ್ಟೆಯಷ್ಟು. ಪೆಡಲ್ ಮುಂದಿನ ಗಾಲಿಗೇ ಇರುತ್ತಿತ್ತು. ಬಿದ್ದರೆ ತಲೆ ಕೆಳಗಾಗಿಯೇ ಬೀಳಬೇಕು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವರು ಹೆಚ್ಚು ಕಡಿಮೆ ಒಂದೇ ಅಳತೆಯ ಎರಡು ಗಾಲಿ ಇಟ್ಟು, ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ ರೋವರ್ ಎಂಬ ಸೈಕಲ್ ಮಾಡಿದರು. ಕಾಲು ನೆಲಕ್ಕೆ ಎಟುಕುವಂತಾಯಿತು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರು ತಂದರು. ಮಗನ ಮೂರುಗಾಲಿ ಸೈಕಲ್ ಕಲ್ಲಿನ ಹಾದಿಯಲ್ಲಿ ಕುಲುಕುತ್ತದೆ ಎಂದು ಅವರು ಮಾಡಿದ ಉಪಾಯ ಅದು. ಚೈನು ಮತ್ತು ಗಾಳಿ, ಇವೆರಡೂ ಸೇರಿದ ಮೇಲೆ ಸೈಕಲ್ ಸರ್ಕಸ್ಸಿನಿಂದ ಇಳಿದು ಬೀದಿಗೆ ಬಂತು. ನನ್ನ ಮಗಳ ಸೈಕಲ್ಲಿನಲ್ಲಿ ಇರುವುದೂ ಮೂಲತಃ ಅಷ್ಟೇ.

ಈಗ 1895ಕ್ಕೆ ಬರೋಣ. ಟಾಲ್‌ಸ್ಟಾಯ್ ಅವರ ಕೊನೆಯ ಮಗ ಇವಾನ್. ಮನೆಯಲ್ಲಿ ಅವನನ್ನು ವಾನೆಚ್ಕಾ ಎಂದು ಕರೆಯುತ್ತಿದ್ದರು. ಮುಪ್ಪಿನಲ್ಲಿ ಹುಟ್ಟಿದ ಮಗು, ಮೈಯಿಂದ ಬಡಕಲು, ಮನಸ್ಸಿನಿಂದ ಎಲ್ಲರಿಗಿಂತ ಸೂಕ್ಷ್ಮ. ಜಗಳವಾಡುವ ಅಪ್ಪ ಅಮ್ಮನ ನಡುವೆ ಆ ಹುಡುಗನೇ ಸೇತುವೆ. ತನ್ನ ಕೆಲಸವನ್ನು ಇವನು ಮುಂದುವರಿಸುತ್ತಾನೆ ಎಂದು ತಂದೆ ಆಸೆ ಇಟ್ಟುಕೊಂಡಿದ್ದರು. ರಷ್ಯಾದ ಆಗಿನ ಲೆಕ್ಕದಲ್ಲಿ ಫೆಬ್ರುವರಿ 23ರಂದು ಕೆಂಜ್ವರ ಬಂದು ವಾನೆಚ್ಕಾ ತೀರಿಕೊಂಡ. ಏಳು ವರ್ಷ ತುಂಬಲು ಇನ್ನೂ ಒಂದು ತಿಂಗಳು ಬಾಕಿ ಇತ್ತು. ಒಂಬತ್ತು ವರ್ಷ ಹಿಂದೆ ನಾಲ್ಕರ ವಯಸ್ಸಿನಲ್ಲಿ ಹೋಗಿದ್ದ ಅವನ ಅಣ್ಣ ಅಲೆಕ್ಸಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಸೋಫಿಯಾ ಹಾಸಿಗೆ ಹಿಡಿದಂತಾದರು. ಟಾಲ್‌ಸ್ಟಾಯ್ ಒಮ್ಮೆಲೇ ಮುದುಕರಾದರು.

ಆ ಘಟನೆಯಾಗಿ ಎರಡು ತಿಂಗಳೊಳಗೆ, ಏಪ್ರಿಲ್‌ನಲ್ಲಿ, ಅವರು ಮಾಸ್ಕೋದ ಮನೇಜ್ ಎಂಬ ಕಟ್ಟಡಕ್ಕೆ ಸೈಕಲ್ ಕಲಿಯಲು ಹೋಗತೊಡಗಿದರು. ಅದು ಅರಮನೆಯ ಕೋಟೆಯ ಹತ್ತಿರ, ಸೈನ್ಯದ ಕುದುರೆ ಕವಾಯತಿಗೆಂದು ಕಟ್ಟಿಸಿದ ದೊಡ್ಡ ಛಾವಣಿ. ಬಿಳಿ ಗಡ್ಡದ ಮುದುಕ, ಜಗತ್ತೇ ಬಲ್ಲ ಲೇಖಕ, ಹೊಸಬರ ಜೊತೆ ಬಿದ್ದೂ ಎದ್ದೂ ಸುತ್ತು ಹೊಡೆಯುತ್ತಿದ್ದರು. ಅವರಿಗೆ ಆಗ 67ನೆಯ ವರ್ಷ ನಡೆಯುತ್ತಿತ್ತು.

ಓದುತ್ತಿದ್ದ ನಾನು ಇಲ್ಲಿ ಪುಸ್ತಕ ಮಡಚಿಟ್ಟೆ. ಮಗ ಸತ್ತ ಎರಡು ತಿಂಗಳಿಗೆ ಸೈಕಲ್? ಮೊದಲು ನನಗೂ ಅದು ಸರಿ ಕಾಣಲಿಲ್ಲ. ನಮ್ಮ ಊರಲ್ಲಾದರೆ ಮಂದಿ ಏನೆನ್ನುತ್ತಿದ್ದರು ಎಂದು ನನಗೆ ಗೊತ್ತು. ಆಮೇಲೆ ನನ್ನದೇ ನೆನಪಾಯಿತು. ಭಾಯಿ ಹೋದ ಮೇಲೆ ಕುರ್ಚಿಯಲ್ಲಿ ಕೂತು ಕಳೆದ ಸಂಜೆಗಳು ಅವನನ್ನು ತಿರುಗಿ ತರಲಿಲ್ಲ, ನನ್ನ ರಕ್ತದಲ್ಲಿ ಸಕ್ಕರೆ ತಂದವು. ಸೈಕಲ್ ಕಲಿಯುವವನಿಗೆ ಬೇರೆ ಯೋಚನೆ ಸಾಧ್ಯವಿಲ್ಲ. ಯೋಚಿಸಿದರೆ ಬೀಳುತ್ತಾನೆ. ಒಂದು ತಾಸು ಮನಸ್ಸಿಗೆ ರಜೆ. ಟಾಲ್‌ಸ್ಟಾಯ್ ಹಾಗೆಂದು ಎಲ್ಲೂ ಹೇಳಿಲ್ಲ, ಇದು ನನ್ನ ಊಹೆ. ಸೈಕಲ್ ಯಾಕೆ ತನ್ನನ್ನು ಅಷ್ಟು ಎಳೆಯುತ್ತಿದೆ ಎಂಬುದು ಅವರಿಗೇ ವಿಚಿತ್ರವಾಗಿ ಕಂಡಿತ್ತು ಎಂಬುದಷ್ಟು ಅವರ ದಿನಚರಿಯಿಂದ ತಿಳಿಯುತ್ತದೆ.

ಆ ದಿನಗಳ ಒಂದು ನಗೆಯ ಪ್ರಸಂಗವೂ ಇದೆ. ಮನೇಜಿನಲ್ಲಿ ಒಬ್ಬ ಮಹಿಳೆಯೂ ಸೈಕಲ್ ಕಲಿಯುತ್ತಿದ್ದರಂತೆ. ಅವರಿಗೆ ತಾಗಬಾರದು, ತಾಗಬಾರದು ಎಂದು ಟಾಲ್‌ಸ್ಟಾಯ್ ಅವರನ್ನೇ ನೋಡುತ್ತ ಹೋದರು. ಸೈಕಲ್ ನೇರವಾಗಿ ಹೋಗಿ ಅವರಿಗೇ ಡಿಕ್ಕಿ ಹೊಡೆಯಿತು. ಸೈಕಲ್ ಕಲಿತ ಎಲ್ಲರಿಗೂ ಇದರ ಅನುಭವ ಇದೆ. ಕಣ್ಣು ಎಲ್ಲಿ ನೆಡುತ್ತದೋ ಹ್ಯಾಂಡಲ್ ಅಲ್ಲಿಗೇ ತಿರುಗುತ್ತದೆ. ಗುಂಡಿಯನ್ನು ನೋಡುತ್ತ ಹೋದವನು ಗುಂಡಿಗೇ ಬೀಳುತ್ತಾನೆ, ಗುಂಡಿಯ ಪಕ್ಕದ ಹಾದಿಯನ್ನು ನೋಡಿದವನು ದಾಟುತ್ತಾನೆ. ನಮ್ಮ ಕಡೆಯ ರಸ್ತೆಗಳಲ್ಲಿ ಈ ಪಾಠ ನನಗೆ ದಿನಾ ಉಪಯೋಗಕ್ಕೆ ಬರುತ್ತಿದೆ.

ನಕ್ಕವರಿಗಿಂತ ಬೇಸರಪಟ್ಟವರು ಹೆಚ್ಚು ತೊಂದರೆ ಕೊಟ್ಟಿರಬೇಕು. ಆಗಿನ ರಷ್ಯಾದಲ್ಲಿ ಸೈಕಲ್ ಉಳ್ಳವರ ಆಟದ ಸಾಮಾನು. ಸರಳವಾಗಿ ಬದುಕಿ ಎಂದು ಜಗತ್ತಿಗೆ ಹೇಳುವ ಗುರು ಇಂಗ್ಲೆಂಡಿನ ಯಂತ್ರ ಹತ್ತಿ ಸುತ್ತುವುದೇ? ಅವರ ಅನುಯಾಯಿಯೊಬ್ಬರು ಬೇಡವೆಂದು ಹೇಳಿ ನೋಡಿದರು, ಮನಸ್ಸು ನೋಯಿಸಿಕೊಂಡರು. ಟಾಲ್‌ಸ್ಟಾಯ್ ಸಣ್ಣ ವಿಷಯಕ್ಕೂ ತನ್ನನ್ನು ತಾನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುವ ಮನುಷ್ಯ. ತಿಂದದ್ದು, ಮಲಗಿದ್ದು, ಸಿಟ್ಟು ಮಾಡಿದ್ದು ಎಲ್ಲಕ್ಕೂ ದಿನಚರಿಯಲ್ಲಿ ಲೆಕ್ಕ ಇಡುತ್ತಿದ್ದರು. ಆದರೆ ಈ ವಿಷಯದಲ್ಲಿ ಅವರಿಗೆ ನಾಚಿಕೆಯಾಗಲಿಲ್ಲ. ಇದು ಯಾರಿಗೂ ಕೇಡು ಮಾಡದ, ಮಕ್ಕಳಾಟದಂಥ ಖುಷಿ, ಮಂದಿ ಏನಂದುಕೊಂಡರೂ ಸರಿ ಎಂದು ತೀರ್ಮಾನಿಸಿದರು.

ಇಲ್ಲಿ ಒಂದು ತಮಾಷೆ ನೋಡಿ. 1895ರ ಮಾಸ್ಕೋದಲ್ಲಿ ಸೈಕಲ್ ಹತ್ತಿದರೆ ಶ್ರೀಮಂತಿಕೆಯ ಶೋಕಿ ಎಂದು ಆಡಿಕೊಂಡರು. ಇವತ್ತು ಮಟಕಿಯಲ್ಲಿ ಸೈಕಲ್ ಹತ್ತಿದರೆ ಬಡತನ ಬಂತೆಂದು ಆಡಿಕೊಳ್ಳುತ್ತಾರೆ. ಸೈಕಲ್ ಅದೇ. ಆಡಿಕೊಳ್ಳುವವರಿಗೆ ಕಾರಣ ಮಾತ್ರ ಬದಲಾಗಿದೆ. ಹಾಗಾದರೆ ಆ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ನೀವೇ ಹೇಳಿ.

ಆ ಕಾಲದ ಯುರೋಪಿನ ಕೆಲವು ಡಾಕ್ಟರುಗಳೂ ಸೈಕಲ್ಲಿಗೆ ಹೆದರಿದ್ದರು. ಹೃದಯ ದಣಿಯುತ್ತದೆ, ಬೆನ್ನು ಗೂನಾಗುತ್ತದೆ, ಹೆಂಗಸರ ಮುಖ ಬಿಗಿದುಕೊಂಡು ಕೆಡುತ್ತದೆ ಎಂದು ಬರೆದರು. ಕೊನೆಯದಕ್ಕೆ ಸೈಕಲ್ ಮುಖ ಎಂಬ ಹೆಸರೂ ಬಿದ್ದಿತ್ತು. ಕೆಲವೇ ವರ್ಷಗಳಲ್ಲಿ ಆ ರೋಗ ಪತ್ರಿಕೆಗಳಿಂದ ಮಾಯವಾಯಿತು. ಹುಡುಗಿಯರು ಸೈಕಲ್ ತುಳಿದರೆ ಹಾಗಾಗುತ್ತದೆ, ಹೀಗಾಗುತ್ತದೆ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದರೆ ಅವರಿಗೆ ಈ ಇತಿಹಾಸ ಹೇಳಿ.

ಮಾಸ್ಕೋದ ಬೀದಿಯಲ್ಲಿ ಸೈಕಲ್ ಓಡಿಸಲು ಆಗ ಪರವಾನಗಿ ಬೇಕಿತ್ತು. ಟಾಲ್‌ಸ್ಟಾಯ್ ಅದನ್ನೂ ಪಡೆದರು. ಬೇಸಿಗೆಯಲ್ಲಿ ಸೈಕಲ್ ಯಾಸ್ನಾಯಾ ಪೊಲ್ಯಾನಾಕ್ಕೂ ಬಂತು. ಬೆಳಗಿನ ಬರವಣಿಗೆ ಮುಗಿದ ಮೇಲೆ ಹಳ್ಳಿಯ ಹಾದಿಗಳಲ್ಲಿ ಸುತ್ತುವ ಯಜಮಾನರನ್ನು ರೈತರು ಬೆರಗಾಗಿ ನೋಡುತ್ತಿದ್ದರೆಂದು 1896ರಲ್ಲಿ ಅಮೆರಿಕದ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯೂ ಸುದ್ದಿ ಹಾಕಿತು. 1897ರ ಬೇಸಿಗೆಯ ಸೋಫಿಯಾ ಅವರ ದಿನಚರಿಯಲ್ಲೂ ಗಂಡನ ಸೈಕಲ್ ಸವಾರಿ ಬರುತ್ತದೆ. ಅವರ ರೋವರ್ ಸೈಕಲ್ ಇಂದಿಗೂ ಮಾಸ್ಕೋದ ಖಮೋವ್ನಿಕಿ ಬಡಾವಣೆಯ ಅವರ ಮನೆಯಲ್ಲಿದೆ. ಆ ಮನೆ ಈಗ ವಸ್ತುಸಂಗ್ರಹಾಲಯ.

ಆ ಸೈಕಲ್ ವರ್ಷಗಳಲ್ಲಿ ಅವರು ಏನು ಬರೆದರು ಎಂಬುದನ್ನೂ ನೋಡಬೇಕು. 1896ರ ಜುಲೈನಲ್ಲಿ ಉತ್ತ ಕರಿ ಹೊಲದ ನಡುವೆ ಗಾಲಿ ಹರಿದು ಮುರಿದಿದ್ದರೂ ಇನ್ನೂ ನಿಂತಿದ್ದ ಒಂದು ಮುಳ್ಳುಗಿಡ ಅವರ ಕಣ್ಣಿಗೆ ಬಿತ್ತು. ನಮ್ಮ ಎರೆ ಹೊಲಗಳಲ್ಲಿ ಅಂಥ ಗಿಡ ನೀವೂ ಕಂಡಿರುತ್ತೀರಿ. ಅದನ್ನು ನೋಡಿ ಅವರಿಗೆ ಯೌವನದಲ್ಲಿ ಕಾಕಸಸ್‌ನಲ್ಲಿ ಕೇಳಿದ್ದ ಹಾಜಿ ಮುರಾದ್ ಎಂಬ ವೀರ ನೆನಪಾದ. ಆ ಕಥೆಯನ್ನು 1904ರ ತನಕ ತಿದ್ದಿ ತಿದ್ದಿ ಬರೆದರು. ಅದು ಪ್ರಕಟವಾದದ್ದು ಅವರು ತೀರಿಕೊಂಡ ಮೇಲೆ, 1912ರಲ್ಲಿ. 1899ರಲ್ಲಿ ಪುನರುತ್ಥಾನ ಕಾದಂಬರಿ ಮುಗಿಸಿ, ಅದರಿಂದ ಬಂದ ಹಣವನ್ನು ಸೈನ್ಯಕ್ಕೆ ಸೇರಲು ಒಪ್ಪದೆ ಕಷ್ಟಕ್ಕೀಡಾದ ದುಖೊಬೋರ್ ಜನ ಕೆನಡಾಕ್ಕೆ ವಲಸೆ ಹೋಗಲು ಕೊಟ್ಟರು. ಸೈಕಲ್ ಹೊತ್ತು ಹಾಳು ಮಾಡುತ್ತದೆ ಎನ್ನುವವರಿಗೆ ಇಷ್ಟು ಸಾಕು.

ಹಾಗೆಂದು ಸೈಕಲ್ ಅವರ ಎಲ್ಲ ದುಃಖ ಕಳೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ವಾನೆಚ್ಕಾನ ನೋವು ಆ ಮನೆಯಿಂದ ಹೋಗಲಿಲ್ಲ. ಗಂಡ ಹೆಂಡತಿಯ ನಡುವಿನ ಬಿರುಕು ದೊಡ್ಡದಾಯಿತು. 1901ರಲ್ಲಿ ಮೈಯೂ ಕೈಕೊಟ್ಟಿತು. ಕ್ರಿಮಿಯಾದ ಗಾಸ್ಪ್ರಾದಲ್ಲಿ ನ್ಯುಮೋನಿಯಾ, ಟೈಫಾಯ್ಡ್ ಒಂದರ ಹಿಂದೊಂದು ಬಂದು ಸಾವಿನ ಬಾಗಿಲ ತನಕ ಹೋಗಿ ತಿರುಗಿ ಬಂದರು. ಕೊನೆಯ ವರ್ಷಗಳಲ್ಲಿ ಮತ್ತೆ ಕುದುರೆಯೇ ಜೊತೆಗಾರ, 82ರಲ್ಲೂ ಸವಾರಿ ಬಿಡಲಿಲ್ಲ. ಆ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯವರ ಜೊತೆ ಪತ್ರವ್ಯವಹಾರ ನಡೆದಿತ್ತು. 1910ರಲ್ಲಿ ಗಾಂಧೀಜಿ ಜೋಹಾನ್ಸ್‌ಬರ್ಗ್ ಹತ್ತಿರ ಕಟ್ಟಿದ ಆಶ್ರಮಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದೇ ಹೆಸರಿಟ್ಟರು. ಅದೇ ವರ್ಷ ಚಳಿಯ ಒಂದು ರಾತ್ರಿ ಟಾಲ್‌ಸ್ಟಾಯ್ ಮನೆ ಬಿಟ್ಟು ಹೊರಟರು. ರೈಲಿನಲ್ಲಿ ಜ್ವರ ಬಂತು. ಅಸ್ತಾಪೊವೊ ಎಂಬ ಸಣ್ಣ ನಿಲ್ದಾಣದ ಸ್ಟೇಷನ್ ಮಾಸ್ತರರ ಮನೆಯಲ್ಲಿ, ಈಗಿನ ಲೆಕ್ಕದಲ್ಲಿ ನವೆಂಬರ್ 20ರಂದು, ಕಣ್ಣು ಮುಚ್ಚಿದರು. ತಮ್ಮ ಹಳ್ಳಿಯ ಕಾಡಿನಲ್ಲಿ, ಬಾಲ್ಯದಲ್ಲಿ ಅಣ್ಣ ನಿಕೊಲಾಯ್ ಜೊತೆ ಆಡಿದ ಜಾಗದಲ್ಲಿ, ಅವರ ಸಮಾಧಿ ಇದೆ. ಮೇಲೆ ಕಲ್ಲಿಲ್ಲ, ಹೆಸರಿಲ್ಲ, ಹುಲ್ಲು ಮಾತ್ರ. ಅಣ್ಣನ ಹತ್ತಿರವೇ ಹೋದರು ಎಂದು ನನಗೆ ಅನಿಸುತ್ತದೆ.

ಟಾಲ್‌ಸ್ಟಾಯ್ ಅವರಿಂದ ದೊಡ್ಡ ದೊಡ್ಡ ಪಾಠಗಳನ್ನು ಕಲಿಯಲು ಅವರ ಪುಸ್ತಕಗಳಿವೆ. ನಾನು ಕಲಿತದ್ದು ಸಣ್ಣದು. ಗೊತ್ತಿಲ್ಲದ್ದನ್ನು ಯಾವ ವಯಸ್ಸಿನಲ್ಲೂ ನಾಲ್ಕು ಜನರ ಎದುರು ಕಲಿಯಬಹುದು. ಬೀಳುವುದು ಅವಮಾನವಲ್ಲ. ದುಃಖದಲ್ಲಿರುವ ಮನುಷ್ಯ ಮೈ ಅಲುಗಿಸಿದರೆ ಸತ್ತವರಿಗೆ ದ್ರೋಹ ಮಾಡಿದಂತಲ್ಲ.

ಸಿಬ್ಬಂದಿ ಮಿತ್ರರಲ್ಲಿ ಕೆಲವರು ನನ್ನ ಹತ್ತಿರ ಗುಟ್ಟಾಗಿ ವಿಚಾರಿಸಿದ್ದಾರೆ. ಅವರಿಗಾಗಿ ನನ್ನ ಅನುಭವದ ನಾಲ್ಕು ಮಾತು. ನಲವತ್ತು ದಾಟಿದವರು, ಸಕ್ಕರೆ, ಬಿಪಿ ಇದ್ದವರು ಮೊದಲು ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ತಾಸಿನಂತೆ ಐದು ದಿನವಾದರೆ ಅಷ್ಟಾಯಿತು. ತುಳಿಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಏದುಸಿರು ಸಾಕು. ಸೀಟು ತೀರ ಕೆಳಗಿದ್ದರೆ ಮೊಣಕಾಲು ನೋಯುತ್ತದೆ. ನನ್ನ ಮೊದಲ ತಪ್ಪು ಅದೇ, ಬೋರ್ಡಿನ ಮೇಲಿನ ಚಿತ್ರ ಆ ವಿಷಯದಲ್ಲಿ ನಿಜವೇ ಹೇಳಿತ್ತು. ಪೆಡಲ್ ಕೆಳಗೆ ಬಂದಾಗ ಕಾಲು ಸ್ವಲ್ಪವೇ ಮಡಚಿರುವಂತೆ ಸೀಟು ಏರಿಸಿ. ಸಕ್ಕರೆ ಗುಳಿಗೆ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ದೂರ ಹೋಗಬೇಡಿ. ನಾನು ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳುತ್ತೇನೆ. ಕೈ ನಡುಗಿ ಬೆವರು ಬಂದರೆ ನಿಲ್ಲಿಸಿ ಬಾಯಿಗೆ ಹಾಕಿಕೊಳ್ಳಬೇಕು. ನಮ್ಮ ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮನೆ ಸೇರಿಬಿಡಿ, ನೀರು ಜೊತೆಗಿರಲಿ. ಎದೆ ನೋವು, ಎಡಗೈ ಜೋಮು ಬಂದರೆ ತಡಮಾಡದೆ ದವಾಖಾನೆಗೆ. ಸ್ವಲ್ಪ ತಡಿ ಎಂದು ಕಣದಲ್ಲಿ ಕುಳಿತ ಒಬ್ಬನನ್ನು ನಾನು ಕಳೆದುಕೊಂಡಿದ್ದೇನೆ.

ನನ್ನ ಸಕ್ಕರೆ ಈಗ ಹತೋಟಿಯಲ್ಲಿದೆ, ಗುಳಿಗೆ ನಿಂತಿಲ್ಲ. ನಿದ್ದೆ ಬರುತ್ತಿದೆ. ಬೆಳಿಗ್ಗೆ ಹೊರಟಾಗ ಎರಡೂ ಕಡೆ ತೊಗರಿ ಹೊಲ, ಮೇಲೆ ಬೆಳಕಾಗುವ ಮುಗಿಲು. ಚಿಕ್ಕವನಿದ್ದಾಗ ತಾಸಿನ ಬಾಡಿಗೆಗೆ ಸೈಕಲ್ ತಂದು, ಸೀಟು ಎಟುಕದ ನನ್ನನ್ನು ದಂಡಿಯ ಕೆಳಗಿನಿಂದ ಕಾಲು ತೂರಿಸಿ ತುಳಿಯಲು ಕಲಿಸಿದವನು ಭಾಯಿ. ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದ. ಯಾವಾಗ ಕೈ ಬಿಟ್ಟನೋ ನನಗೆ ತಿಳಿಯುತ್ತಿರಲಿಲ್ಲ.

ಕೊನೆಗೆ ಚಿತ್ರ ಬಿಡಿಸಿದ ವಿದ್ಯಾರ್ಥಿಗೆ ಒಂದು ಮಾತು. ಕನ್ನಡಕ, ಹೊಟ್ಟೆ, ಬುಟ್ಟಿ ಎಲ್ಲ ಚೆನ್ನಾಗಿ ಬಂದಿದ್ದವು. ಆದರೆ ಸೈಕಲ್ಲಿಗೆ ಚೈನು ಬಿಡಿಸಿರಲಿಲ್ಲ. ಚೈನಿಲ್ಲದೆ ನಾನು ಎಷ್ಟು ತುಳಿದರೂ ಇದ್ದಲ್ಲೇ ಇರುತ್ತೇನೆ. ಮುಂದಿನ ಸಲ ಮರೆಯಬೇಡ. ಸರಿಯಾಗಿ ನೋಡಿ ಬಿಡಿಸಬೇಕೆಂದರೆ ಭಾನುವಾರ ಬೆಳಿಗ್ಗೆ ಮಟಕಿ ರಸ್ತೆಗೆ ಬಾ. ಬರುವಾಗ ನಿನ್ನ ಸೈಕಲ್ಲೂ ತಾ.